ಹೊಸ ಟ್ರೈಲರಿನ ಮಾಡೂ ಸೋರುತ್ತದೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೆಕ್ಸಾಸಿನಿಂದ ಫೋನ್ ಮಾಡಿದ್ದ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, ತಾನೂ ತನ್ನ ಪತ್ನಿಯೂ ಒಂದು ಟ್ರಾವೆಲ್ ಟ್ರೈಲರ್ ಕೊಳ್ಳಬೇಕೆಂದಿರುವುದಾಗಿ ತಿಳಿಸಿದ. "ಹೊಸದನ್ನೇ ತಗೋತಾ ಇದ್ದೀವಿ ಸಾರ್. ಹಳೇದಾದ್ರೆ ಸೋರೋ ಕಾಟ" ಎಂದ. ಆ ಕಡೆಯ ಮಾತು ನನ್ನನ್ನು ಕಾಡಿತು. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ನೆಲಸಿರುವ ನನ್ನ ಉಳಿದ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬಂದೀತು.

ಊರಿನಲ್ಲಿರುವ ಬಂಧುಗಳಿಗಾಗಿ ಒಂದು ಮಾತು. ಟ್ರಾವೆಲ್ ಟ್ರೈಲರ್ ಎಂದರೆ ದೊಡ್ಡ ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಚಕ್ರದ ಮೇಲಿನ ಮನೆ. ಮಲಗುವ ಮಂಚ, ಒಲೆ, ಸ್ನಾನದ ಕೋಣೆ, ಶೌಚಾಲಯ ಎಲ್ಲವೂ ಅದರಲ್ಲಿರುತ್ತವೆ. ಆ ದೇಶದಲ್ಲಿ ತಯಾರಾಗುವ ಇಂಥ ವಾಹನಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರು ಮತ್ತು ಅದರ ಸುತ್ತಮುತ್ತಲಿನಿಂದಲೇ ಹೊರಬರುತ್ತವೆ. 2024ರ ಬೇಸಗೆಯಲ್ಲಿ ನಾನು ಅದೇ ರಾಜ್ಯದಲ್ಲಿರುವ ಮಗನ ಮನೆಯಲ್ಲಿದ್ದೆ. ಅವನೂ ಒಂದು ಟ್ರೈಲರ್ ಕೊಳ್ಳಲು ಹೊರಟಿದ್ದ. ಬೆಲೆ 34 ಸಾವಿರ ಡಾಲರ್, ಸಾಲ 12 ವರ್ಷದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಿಂದ ಬಂದ ಹೊಚ್ಚಹೊಸ ಟ್ರೈಲರನ್ನೂ ನೀರು ಹಾಯಿಸಿ ನೋಡದೆ ಕೊಳ್ಳಬಾರದು. ನೋಡುವುದಾದರೆ ಕಾಗದಕ್ಕೆ ಸಹಿ ಹಾಕುವ ಮೊದಲೇ ನೋಡಬೇಕು. ವಾರಂಟಿ ಇದೆಯಲ್ಲ ಎಂಬ ಸಮಾಧಾನ ಈ ವಿಷಯದಲ್ಲಿ ಕೆಲಸಕ್ಕೆ ಬಾರದು.

ಹೊಸದು ಏಕೆ ಸೋರಬೇಕು? ಹೆಂಚಿನ ಮನೆಗೆ ಇಳಿಜಾರು ಉಂಟು, ಸೂರು ಗೋಡೆಯಿಂದ ಹೊರಚಾಚಿರುತ್ತದೆ. ಟ್ರೈಲರಿಗೆ ಇವೆರಡೂ ಇಲ್ಲವೆನ್ನುವಷ್ಟು ಕಡಿಮೆ. ತೆಳುವಾದ ಮರದ ಅಥವಾ ಅಲ್ಯುಮಿನಿಯಮ್ಮಿನ ಚೌಕಟ್ಟು, ಅದರ ಮೇಲೆ ತೆಳು ಪ್ಲೈವುಡ್ಡು, ಹೊರಗೆ ಫೈಬರ್ ಗ್ಲಾಸಿನ ಅಥವಾ ಅಲ್ಯುಮಿನಿಯಮ್ಮಿನ ಹೊದಿಕೆ, ಮಾಡಿನ ಮೇಲೆ ರಬ್ಬರಿನಂಥ ಒಂದು ಹಾಳೆ. ಅಷ್ಟನ್ನೂ ಕಟ್ಟಿದ ಮೇಲೆ ಕಿಟಕಿಗೆ, ಗಾಳಿಗಿಂಡಿಗೆ, ಏರ್‌ ಕಂಡೀಷನರಿಗೆ, ದೀಪಕ್ಕೆ, ಕೊಳವೆಗೆ ಎಂದು ಹತ್ತಾರು ಕಡೆ ಕೊರೆಯುತ್ತಾರೆ. ಕೊರೆದ ಪ್ರತಿಯೊಂದು ತೂತನ್ನೂ ಮುಚ್ಚುವುದು ಮನುಷ್ಯನ ಕೈ ಬಳಿದ ಮೇಣದಂಥ ಸೀಲಂಟು. ಸಾಲಿನಲ್ಲಿ ನಿಂತು ಅವಸರದಲ್ಲಿ ಬಳಿಯುವ ಕೈ ಒಂದು ಅಂಗುಲ ತಪ್ಪಿದರೆ ಸಾಕು. ಆಮೇಲೆ ಆ ಮನೆಯನ್ನು ಹೆದ್ದಾರಿಯಲ್ಲಿ ನೂರಾರು ಮೈಲಿ ಎಳೆದೊಯ್ಯುತ್ತಾರೆ. ನಮ್ಮ ಮನೆಗಳನ್ನು ಯಾರೂ ಹಾಗೆ ಕುಲುಕಾಡಿಸುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕೊರೋನಾ ಕಾಲದಲ್ಲಿ ಜನ ಹೋಟೆಲು ವಿಮಾನಗಳನ್ನು ಬಿಟ್ಟು ಇಂಥ ವಾಹನಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ 6 ಲಕ್ಷದಷ್ಟು ವಾಹನಗಳು ಹೊರಬಿದ್ದವು. ಹಿಂದೆಂದೂ ಅಷ್ಟು ಆಗಿರಲಿಲ್ಲ. 2023ರ ಹೊತ್ತಿಗೆ ಆ ಸಂಖ್ಯೆ ಸುಮಾರು 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಮಾರಾಟವಾಗದೆ ಉಳಿದವು ಮಾರಾಟಗಾರರ ಬಯಲಿನಲ್ಲಿ ಮಳೆ ಹಿಮಗಳಿಗೆ ಮೈಯೊಡ್ಡಿ ನಿಂತವು. ನನ್ನ ಮಗ ಆರಿಸಿದ್ದ 'ಹೊಸ' ಟ್ರೈಲರು ಹಿಂದಿನ ವರ್ಷದ ಮಾದರಿ. ಒಂದು ಚಳಿಗಾಲವನ್ನು ಪೂರ್ತಿ ಕಳೆದಿತ್ತು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ ಎಂದು ನಾನು ಒಂಬತ್ತನೆಯ ತರಗತಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ. ಕೂದಲೆಳೆಯಷ್ಟು ಬಿರುಕಿನಲ್ಲಿ ನಿಂತ ನೀರು ಒಂದು ಚಳಿಗಾಲದಲ್ಲಿ ಮಾಡುವ ಕೆಲಸವನ್ನು ಅಂದು ಕಣ್ಣಾರೆ ನೋಡಿರಲಿಲ್ಲ, ಅಷ್ಟೆ.

ಮಾರಾಟಗಾರರ ಬಳಿ ಹೋದಾಗ ಅಲ್ಲಿನ ಯುವಕ ಬಹಳ ಸೌಜನ್ಯದಿಂದ ನಡೆದುಕೊಂಡ. ದೀಪ ಹಾಕಿ ತೋರಿಸಿದ, ಒಲೆ ಹಚ್ಚಿ ತೋರಿಸಿದ. ಮೇಜಿನ ಮೇಲೆ ಕಾಗದಗಳು ಸಿದ್ಧವಾಗಿದ್ದವು. ಸಹಿಯಾದ ಮೇಲೆ ಎಲ್ಲವನ್ನೂ ನಿಧಾನವಾಗಿ ತೋರಿಸಿಕೊಡುತ್ತೇವೆ ಎಂದ. ನಾನು ಮಗನಿಗೆ ಕನ್ನಡದಲ್ಲಿ, "ಮೊದಲು ನೀರು ಹಾಕಿ ನೋಡಬೇಕು ಅಂತ ಕೇಳು" ಎಂದೆ. ಅವನ ಮುಖ ಸಣ್ಣದಾಯಿತು. "ಅಪ್ಪಾ, ಇಲ್ಲಿ ಹಾಗೆಲ್ಲ ಕೇಳೋದಿಲ್ಲ. ಏನಾದ್ರೂ ಆದ್ರೆ ವಾರಂಟಿ ಇದೆ. ನೀವು ಸುಮ್ಮನಿರಿ" ಎಂದ. ಸೊಸೆ ಮಾತ್ರ, "ಕೇಳಿದ್ರೆ ಏನಾಗುತ್ತೆ? ಮಾವ ಹೇಳೋದು ಸರಿಯಾಗೇ ಇದೆ" ಎಂದು ತಾನೇ ಹೋಗಿ ಕೇಳಿದಳು. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು ಬೆಳಗ್ಗೆಯೇ ಬನ್ನಿ ಎಂದರು.

ನನ್ನ ಹಟಕ್ಕೆ ಕಾರಣವನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಿವೃತ್ತಿಯ ಹಣದಲ್ಲಿ ನಾನು ಮನೆ ಕಟ್ಟಿಸಿದಾಗ ಗುತ್ತಿಗೆ ಹಿಡಿದವನು ನನ್ನ ವಿದ್ಯಾರ್ಥಿಯೇ. ತಾರಸಿಯ ಮೇಲೆ ನೀರು ನಿಲ್ಲಿಸಿ ನೋಡೋಣವೆಂದು ಕೇಳಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಿದರೆ ಹುಡುಗ ನೊಂದುಕೊಂಡಾನು ಎಂದು ಸುಮ್ಮನಾದೆ. ಮೊದಲ ಮಳೆಗಾಲದಲ್ಲೇ ಪುಸ್ತಕದ ಕಪಾಟಿನ ಹಿಂದಿನ ಗೋಡೆಯಲ್ಲಿ ನೀರು ಜಿನುಗಿತು. ಎರಡು ಕಪಾಟು ಪುಸ್ತಕ ಬೂಷ್ಟು ಹಿಡಿದು ಹೋದವು. ಆಮೇಲೆ ಅವನು ಬಂದು ಸರಿಪಡಿಸಿಕೊಟ್ಟನೆನ್ನಿ. ಆದರೆ ಅಂದಿನಿಂದ ಅವನು ನನ್ನೆದುರು ಸಲೀಸಾಗಿ ಮಾತನಾಡಲಾರ. ನಾನೂ ಅಷ್ಟೆ. ಅವನಿಗೆ ನೋವಾಗದಿರಲಿ ಎಂದು ಮಾಡಿದ ದಾಕ್ಷಿಣ್ಯ ಇಬ್ಬರಿಗೂ ನೋವನ್ನೇ ತಂದಿತು. (ಅವನು ಈ ಪುಟಗಳನ್ನು ಓದುತ್ತಾನೆಂದು ಬಲ್ಲೆ. ಮಾರಾಯ, ಮನೆಗೆ ಬಂದು ಹೋಗು.)

ಇನ್ನು ಪರೀಕ್ಷೆಯ ವಿಚಾರ. ನಾವು ಹೋದದ್ದು ರಾತ್ರಿಯಿಡೀ ಮಳೆ ಸುರಿದ ಮರುದಿನ. ಇದು ಅದೃಷ್ಟ, ಆದರೆ ಸಾಧ್ಯವಾದರೆ ಮಳೆಯ ಮಾರನೆಯ ದಿನವನ್ನೇ ಆರಿಸಿಕೊಳ್ಳಿ. ಮೊದಲು ನೀರಿನ ಕೊಳವೆಗಳನ್ನು ನೋಡಿದೆವು. ಟ್ರೈಲರಿನ ಸ್ವಂತ ತೊಟ್ಟಿಗೆ ನೀರು ತುಂಬಿಸಿ ಪಂಪು ಹಾಕಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಕಾಯಬೇಕು. ಒತ್ತಡ ತುಂಬಿದ ಮೇಲೆ ಪಂಪು ನಿಲ್ಲಬೇಕು. ಯಾರೂ ನಲ್ಲಿ ತಿರುಗಿಸದಿದ್ದರೂ ಆಗಾಗ ಗುರ್ ಎಂದರೆ ಎಲ್ಲೋ ನೀರು ಹೋಗುತ್ತಿದೆ ಎಂದರ್ಥ. ಸಿಂಕಿನ ಕೆಳಗೆ, ಶೌಚದ ಬೋಗುಣಿಯ ಹಿಂದೆ, ನೀರು ಕಾಯಿಸುವ ಪೆಟ್ಟಿಗೆಯ ಬಳಿ ಒಣ ಕಾಗದದ ಚೂರು ಒತ್ತಿ ನೋಡಿದರೆ ಒಂದು ಹನಿಯೂ ಗೊತ್ತಾಗುತ್ತದೆ. ಹೊರಗಿನ ನಲ್ಲಿಗೆ ಜೋಡಿಸುವಾಗ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲಿ. ಟ್ರೈಲರಿನ ಹೊಟ್ಟೆಯ ಕೆಳಗೆ ಹೊದಿಸಿರುವ ಪ್ಲಾಸ್ಟಿಕ್ ಹಾಳೆ ಎಲ್ಲಾದರೂ ಜೋತುಬಿದ್ದಿದ್ದರೆ ಒಳಗೆ ನೀರು ನಿಂತಿರಬಹುದು. ನಮ್ಮದರಲ್ಲಿ ಇವೆಲ್ಲ ಸರಿಯಾಗಿದ್ದವು. ಮಗ ನನ್ನ ಕಡೆ ನೋಡಿ ನಕ್ಕ.

ಬಳಿಕ ಮೈ. ಬೆಳಗಿನ ಓರೆ ಬಿಸಿಲಿನಲ್ಲಿ ಗೋಡೆಯ ತುದಿಗೆ ಕೆನ್ನೆಯಿಟ್ಟು ಉದ್ದಕ್ಕೂ ನೋಡಿದರೆ, ಹೊದಿಕೆಯು ಒಳಗಿನ ಪ್ಲೈವುಡ್ಡಿನಿಂದ ಬಿಟ್ಟುಕೊಂಡಿರುವಲ್ಲಿ ಹಪ್ಪಳದ ಮೇಲಿನ ಗುಳ್ಳೆಯಂತೆ ಉಬ್ಬು ಕಾಣುತ್ತದೆ. ಅದು ಕಂಡರೆ ಅಲ್ಲಿಂದ ಎದ್ದು ಬನ್ನಿ, ಬೇರೇನೂ ನೋಡುವ ಅಗತ್ಯವಿಲ್ಲ. ಮಗ ಏಣಿ ಹತ್ತಿ ಮಾಡಿನ ಸಂದುಗಳನ್ನು ನೋಡಿದ. ಕಿಟಕಿಯ ಚೌಕಟ್ಟಿನ ಕೆಳ ಅಂಚಿನಲ್ಲಿ ಸಣ್ಣ ಸೀಳುಗಳಿರುತ್ತವೆ. ಅವು ದೋಷವಲ್ಲ, ಒಳಸೇರಿದ ನೀರು ಹೊರಹೋಗಲೆಂದೇ ಇರುವಂಥವು. ಅವನ್ನು ಸೀಲಂಟಿನಿಂದ ಮುಚ್ಚಿದ್ದರೆ ಅದೇ ದೋಷ. ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಜಾರಿ ಕೋಣೆಯನ್ನು ಹಿಗ್ಗಿಸುವ ಭಾಗವಿರುತ್ತದಲ್ಲ, ಅದರ ಮೇಲಿನ ಎರಡು ಮೂಲೆಗಳ ರಬ್ಬರು ಅಂಚುಗಳನ್ನು ಬೆರಳಾಡಿಸಿಯೇ ನೋಡಬೇಕು. ಚಲಿಸುವ ಸಂದಿಗೆ ನೀರು ತಡೆಯುವುದು ಸುಲಭವಲ್ಲ.

ಒಳಗೆ ಮೊಮ್ಮಗ ಟಾರ್ಚು ಹಿಡಿದ. ನಾನು ತೇವಮಾಪಕ ಹಿಡಿದೆ. ಇದು ಗೋಡೆಗೆ ತಾಗಿಸಿದರೆ ಮರದೊಳಗಿನ ತೇವಾಂಶವನ್ನು ತೋರಿಸುವ ಸಣ್ಣ ಉಪಕರಣ; ಕೆಲವೇ ಡಾಲರಿಗೆ ಸಿಗುತ್ತದೆ. ಗೋಡೆಯುದ್ದಕ್ಕೂ 11, 12, 13 ಎಂದು ತೋರಿಸುತ್ತಿದ್ದದ್ದು ಮುಂಭಾಗದ ಮಂಚದ ಮೇಲಣ ಕಪಾಟಿನ ಮೂಲೆಯಲ್ಲಿ 27 ಎಂದಿತು. ಮರದ ತೇವ ಶೇಕಡಾ 20ನ್ನು ದಾಟಿಕೊಂಡೇ ಇದ್ದರೆ ಶಿಲೀಂಧ್ರಕ್ಕೆ ಹಬ್ಬ. ಕಣ್ಣಿಗೆ ಮಾತ್ರ ಅಲ್ಲಿ ಕಲೆಯಿರಲಿಲ್ಲ, ಮೂಗಿಗೆ ವಾಸನೆಯಿರಲಿಲ್ಲ. ಹವೆಯ ತೇವ ಇರಬೇಕು ಎಂದ ಆ ಯುವಕ. ಹವೆಯ ತೇವವಾದರೆ ಒಂದೇ ಮೂಲೆಗೆ ಏಕೆ ಬಂತು ಎಂದು ಕೇಳಿದೆ. ನನ್ನ ಇಂಗ್ಲಿಷ್ ಅವನಿಗೆ ಅರ್ಥವಾಯಿತೋ ಇಲ್ಲವೋ, ಪ್ರಶ್ನೆ ಅರ್ಥವಾಯಿತು.

ರಬ್ಬರ್ ಪೈಪು ತರಿಸಿದೆವು. ಇಲ್ಲಿ ಒಂದು ಕ್ರಮವನ್ನು ಒತ್ತಿ ಹೇಳುತ್ತೇನೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆಯುತ್ತವೆ; ಯಾವುದು ಕಳ್ಳನೆಂದು ತಿಳಿಯುವುದಿಲ್ಲ. ಒಂದು ಬಾರಿಗೆ ಒಂದೇ ಸಂದು, ಮಳೆಯಂತೆ ಮೆಲ್ಲಗೆ, ಹತ್ತು ನಿಮಿಷ. ರಭಸದ ಯಂತ್ರದಿಂದ ಹೊಡೆದರೆ ಸರಿಯಿರುವ ಸೀಲಂಟೂ ಕಿತ್ತುಬರುತ್ತದೆ. ಮುಂಭಾಗದ ಕಿಟಕಿ ಪಾಸಾಯಿತು. ಮೂಲೆಯ ಪಟ್ಟಿಯೂ ಪಾಸಾಯಿತು. ಮೇಲ್ತುದಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪಗಳ ಒಂದು ಸಾಲಿರುತ್ತದೆ, ರಾತ್ರಿ ವಾಹನದ ಅಗಲ ತಿಳಿಯಲೆಂದು. ಅದರ ಮೇಲೆ ನೀರು ಬಿಟ್ಟ ಏಳನೆಯ ನಿಮಿಷಕ್ಕೆ ಒಳಗಿನಿಂದ ಮೊಮ್ಮಗ "ತಾತಾ, ಬಂತು!" ಎಂದು ಕೂಗಿದ. ದೀಪದ ಮೊಳೆಯ ತೂತಿನಿಂದ ನುಗ್ಗಿದ ನೀರು ಚೌಕಟ್ಟಿನ ಮೇಲೆ ಒಂದು ಗಜದಷ್ಟು ಅಡ್ಡ ಹರಿದು ಕಪಾಟಿನ ಮೂಲೆಯಲ್ಲಿ ಹನಿಯಾಗಿತ್ತು. ಒಳಗೆ ಹನಿ ಬಿದ್ದ ಜಾಗಕ್ಕೆ ಸೀಲಂಟು ಬಳಿಯುವವರು ಜೀವಮಾನವಿಡೀ ಬಳಿಯುತ್ತಲೇ ಇರಬಹುದು.

ಅವರು ತಪ್ಪೊಪ್ಪಿಕೊಂಡು, ಅಂದೇ ಸಂಜೆ ಸರಿಪಡಿಸಿಕೊಡುತ್ತೇವೆ, ಈಗ ಸಹಿ ಮಾಡಿ ಎಂದರು. ಜುಲೈ ನಾಲ್ಕರ ರಜೆಗೆ ಸರೋವರದ ದಡದಲ್ಲಿ ಜಾಗ ಕಾದಿರಿಸಿದ್ದ ಮಗ ಪೆನ್ನು ತೆಗೆದೇಬಿಟ್ಟ. ನಾನು ಬೇಡವೆಂದೆ. ಮೂರು ತಾಸಿನ ಹಿಂದಾರಿಯಲ್ಲಿ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಇಲ್ಲಿಯೇ ವಾರಂಟಿಯ ಮಾತು ಬರುತ್ತದೆ. ಸಾಮಾನ್ಯವಾಗಿ ಅದು ಒಂದು ವರ್ಷದ್ದು. ಸೀಲಂಟನ್ನು ಆಗಾಗ, ಹಲವು ಕೈಪಿಡಿಗಳ ಪ್ರಕಾರ ಮೂರು ತಿಂಗಳಿಗೊಮ್ಮೆ, ನೋಡಿಕೊಳ್ಳುವ ಹೊಣೆ ಮಾಲೀಕನದು. ನೋಡಿಕೊಳ್ಳದಿದ್ದರೆ ನೀರಿನಿಂದಾದ ಹಾನಿಗೆ ಕಂಪನಿ ಜವಾಬ್ದಾರಿಯಲ್ಲ. ದೋಷಪೂರಿತ ಹೊಸ ಕಾರನ್ನು ಹಿಂದಿರುಗಿಸಲು ನೆರವಾಗುವ ಕಾನೂನು ಹಲವು ರಾಜ್ಯಗಳಲ್ಲಿ ಎಳೆದೊಯ್ಯುವ ಟ್ರೈಲರಿಗೆ ಅನ್ವಯಿಸುವುದಿಲ್ಲ. ಗೋಡೆಯೊಳಗಿನ ಕೊಳೆ ಹೊರಗೆ ಕಾಣುವುದು ಸಾಮಾನ್ಯವಾಗಿ ಎರಡನೆಯ, ಮೂರನೆಯ ವರ್ಷದಲ್ಲಿ. ಸಾಲವಾದರೋ ಹನ್ನೆರಡು ವರ್ಷದ್ದು. ಗ್ರಾಹಕನ ಕೈಯಲ್ಲಿ ಬಲವಿರುವುದು ಸಹಿ ಹಾಕುವ ತನಕ ಮಾತ್ರ. ಇದನ್ನು ನಮ್ಮ ಮಕ್ಕಳಿಗೆ ನಾವು ಯಾವ ತರಗತಿಯಲ್ಲೂ ಕಲಿಸಲಿಲ್ಲ.

ಮೂರು ವಾರದ ಬಳಿಕ ಯಂತ್ರದ ಪರೀಕ್ಷೆ ಮಾಡಿಸಿದೆವು. ಅದಕ್ಕೆಂದೇ ತರಬೇತಿ ಪಡೆದ ಸ್ವತಂತ್ರ ಪರೀಕ್ಷಕರು ಆ ದೇಶದಲ್ಲಿದ್ದಾರೆ. ಬಂದವರು ಮಾರಾಟಗಾರರ ಕಡೆಯವರಾಗಿರಲಿಲ್ಲ. ಮಾಡಿನ ಗಾಳಿಗಿಂಡಿಗೆ ಒಂದು ಫ್ಯಾನು ಕೂರಿಸಿ, ಕಿಟಕಿ ಬಾಗಿಲು ಮುಚ್ಚಿ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಏರಿಸಿದರು. ಬಳಿಕ ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದರು. ಸೋರುವಲ್ಲಿ ಗುಳ್ಳೆ ಏಳುತ್ತದೆ. ನನಗೆ ನಗು ಬಂತು. ನಮ್ಮೂರ ಸೈಕಲ್ ಶಾಪಿನಲ್ಲಿ ಟ್ಯೂಬನ್ನು ಬಾಣಲೆಯ ನೀರಿನಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವುದು ಇದೇ ತತ್ತ್ವದಿಂದಲ್ಲವೆ? ದೀಪದ ಬಳಿ ಗುಳ್ಳೆ ಏಳಲಿಲ್ಲ. ಏರ್‌ ಕಂಡೀಷನರಿನ ಪಕ್ಕದ ಕೊಳವೆಯ ಬುಡದಲ್ಲಿ ಒಂದು ಎದ್ದಿತು. ಅದನ್ನೂ ಅಲ್ಲೇ ಮುಚ್ಚಿಸಿ ಮತ್ತೊಮ್ಮೆ ಪರೀಕ್ಷಿಸಿದರು.

ಮಗ ಅದೇ ಟ್ರೈಲರನ್ನು ಕೊಂಡ. ಎರಡೂ ಸೋರಿಕೆಗಳ ವಿವರವನ್ನು ಸೊಸೆ ಬರವಣಿಗೆಯಲ್ಲಿ ಪಡೆದು, ಮುಂದೆ ಆ ಗೋಡೆ ಕೊಳೆತರೆ ಮಾರಾಟಗಾರರೇ ಹೊಣೆಯೆಂದು ಬರೆಸಿಕೊಂಡಳು. ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ. ಒಂದು ಚಳಿಗಾಲ ನೆನೆದ ಪ್ಲೈವುಡ್ಡನ್ನು ನಾನು ನಂಬಲಾರೆ. ಈ ವಿಷಯದಲ್ಲಿ ನಮ್ಮಿಬ್ಬರ ಭಿನ್ನಾಭಿಪ್ರಾಯ ಇಂದಿಗೂ ಉಳಿದಿದೆ. ಆ ಜುಲೈ ನಾಲ್ಕರಂದು ಅವರು ಸರೋವರಕ್ಕೆ ಹೋಗಲಾಗಲಿಲ್ಲ. ಹಿತ್ತಲಿನಲ್ಲಿ ಡೇರೆ ಹಾಕಿ ಮಲಗಿದರು. ನನಗೆ ಒಳಗೆ ಮಂಚದ ಮೇಲೆ ಹಾಸಿಕೊಟ್ಟರು.

ಆ ಮೂಲೆಯ ತೇವವನ್ನು ತಿಂಗಳಿಗೊಮ್ಮೆ ಅಳೆದು ತಿಳಿಸಬೇಕೆಂದು ಮಾತ್ರ ಹೇಳಿ ಬಂದಿದ್ದೆ. ಸಂದೇಶದಲ್ಲಿ ಬರೀ ಅಂಕಿ ಬರುತ್ತಿತ್ತು. 24 ಬಂತು, 19 ಬಂತು, ಚಳಿಗಾಲ ಕಳೆದ ಮೇಲೆ 14 ಬಂತು. 14ರ ಮುಂದೆ ಮಗ ಒಂದು ನಗುಮುಖ ಹಾಕಿದ್ದ. ಅದೇ ಮೂಲೆಯ ಒಂದು ಗಜ ಕೆಳಗೂ ಅಳೆದು ತಿಳಿಸು ಎಂದು ಉತ್ತರ ಬರೆದೆ.