ಮೂಳೆಯೊಳಗೆ ಗಟ್ಟಿಯಾಗುವ ಆಸರೆ

ಜಯನಗರ, ಬನಶಂಕರಿಗಳ ಮನೆಗಳಲ್ಲಿ ಹಿರಿಯರು ಬಚ್ಚಲಲ್ಲಿ ಜಾರಿಬಿದ್ದು ಮೂಳೆ ಮುರಿದುಕೊಂಡರೆ, ನೋವಿಗಿಂತ ಹೆಚ್ಚಾಗಿ ಅವರನ್ನು ಕಾಡುವುದು ಹಾಸಿಗೆ ಹಿಡಿಯುವ ಭಯ. ಆದ್ದರಿಂದ ಮೂಳೆ ಚಿಕಿತ್ಸೆಯ ಹೊಸ ವಿಧಾನಗಳನ್ನು ನಾವು ಕುತೂಹಲದಿಂದ ಗಮನಿಸುತ್ತೇವೆ.

ಅವುಗಳಲ್ಲೊಂದು ಹೀಗಿದೆ. ಸಣ್ಣ ರಂಧ್ರದ ಮೂಲಕ ಮೂಳೆಯ ಟೊಳ್ಳಿನೊಳಗೆ ಮೆತ್ತನೆಯ ಬಲೂನನ್ನು ಇಳಿಸಿ, ದ್ರವ ತುಂಬಿ, ನೀಲಿ ಬೆಳಕು ಹಾಯಿಸುತ್ತಾರೆ. ಟೊಳ್ಳಿನ ಆಕಾರಕ್ಕೇ ಹೊಂದಿಕೊಂಡು ದ್ರವವು ಗಟ್ಟಿಯಾಗುತ್ತದೆ. ಕ್ಯಾನ್ಸರಿನಿಂದ ಶಿಥಿಲವಾದ ತೋಳು, ಮುಂಗೈ ಮೂಳೆಗಳಿಗೆ ಇದನ್ನು ಬಳಸಲು ಅಮೆರಿಕವು 2017ರ ಕೊನೆಯಲ್ಲಿ ಅನುಮತಿ ನೀಡಿತು. ಇದರ ತತ್ತ್ವ ತೀರ ಹೊಸದಲ್ಲ. ಕೃತಕ ಕೀಲನ್ನು ಹಿಡಿದು ನಿಲ್ಲಿಸುವ ಮೂಳೆ ಸಿಮೆಂಟು ಸಹ ಕಲಸಿದ ಹಿಟ್ಟಿನಂತಿದ್ದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಹೀಗೆ ಒಳಗೆ ಗಟ್ಟಿಯಾದದ್ದನ್ನು ಮುಂದೆ ಹೊರತೆಗೆಯುವುದು ಸುಲಭವಲ್ಲ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಈ ಮಾತನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಇನ್ನೊಂದು ಪ್ರಶ್ನೆ ಬೆಲೆಯದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕೃತಕ ಮೊಣಕಾಲ ಕೀಲಿಗೆ ಗರಿಷ್ಠ ದರ ನಿಗದಿಪಡಿಸಿತು. ಬಹುಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ ಸರಾಸರಿ 1,58,324 ರೂಪಾಯಿಯಿಂದ, ತೆರಿಗೆ ಹೊರತುಪಡಿಸಿ, 54,720 ರೂಪಾಯಿಗೆ ಇಳಿಯಿತು. ಹೊಸ ಸಾಧನಗಳಿಗೂ ಮೊದಲ ದಿನದಿಂದಲೇ ಇಂತಹ ಮಿತಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯ ಸರದಿಯಲ್ಲಿ ನಿಂತ ಕಾಯಕಜೀವಿಗೆ ಎಟುಕದ ಆಸರೆಯನ್ನು ಆಸರೆಯೆಂದು ಕರೆಯಲಾಗದು.