ಮಾತ್ರೆಗೆ ಮೊದಲು ಕ್ರಿಯಾಟಿನಿನ್ ನೋಡಿ

ಕಾಲು ಸೆಳೆದರೆ ಮೆಗ್ನೀಷಿಯಂ ಮಾತ್ರೆ ನುಂಗಿ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂದಿದ್ದಾರೆ ಪತ್ರಿಕೆಯಲ್ಲಿ ಈ ಮಾತ್ರೆಯ ಬಗ್ಗೆ ಲೇಖನ ಬರೆದವರು. ಹೋಗುತ್ತದೆ ಸ್ವಾಮಿ, ಮೂತ್ರಪಿಂಡ ಗಟ್ಟಿಯಾಗಿದ್ದರೆ! ಸಕ್ಕರೆ ಕಾಯಿಲೆ, ಬಿಪಿಯಿಂದ ಅದು ಸೊರಗಿದವರಲ್ಲಿ ಮೆಗ್ನೀಷಿಯಂ ರಕ್ತದಲ್ಲೇ ಉಳಿದು ರಕ್ತದೊತ್ತಡ ಕುಸಿಯಬಹುದು, ಎದೆಬಡಿತ ನಿಧಾನವಾಗಬಹುದು. ಮೂತ್ರಪಿಂಡ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಮಾತೇ ಲೇಖನದಲ್ಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರಿಗಂತೂ ಈ ಸಲಹೆ ದಾರಿ ತಪ್ಪಿಸುವಂಥದ್ದು. ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದು ಬಂದ ಮೂಳೆ, ಕೀಲು ನೋವಿಗೆ ಈ ಮಾತ್ರೆ ಮದ್ದಲ್ಲ. ಶಿಡ್ಲಘಟ್ಟದಲ್ಲಿ ದಿನವಿಡೀ ರೇಷ್ಮೆ ನೂಲು ಬಿಚ್ಚುವವರ ಕಾಲುನೋವಿಗೂ ಇದೇ ಡಬ್ಬಿಯೇ? ನೂರು ಗ್ರಾಂ ರಾಗಿಯಲ್ಲೇ ಸುಮಾರು 140 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಸೀಮೆಗೆ ಕೊರತೆಯ ಭಯ ಮಾರುವುದು ವ್ಯಾಪಾರವಷ್ಟೆ.

ನಿಜವಾಗಿ ಕೊರತೆಯಾಗುವವರೂ ಇದ್ದಾರೆ: ಹೊಟ್ಟೆಯ ಆಮ್ಲ ತಗ್ಗಿಸಲು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರು, ಮೂತ್ರ ಹೋಗಿಸುವ ಮಾತ್ರೆಯವರು, ಕುಡಿತದವರು, ಭೇದಿ ಬಿಡದವರು. ಅವರಿಗೆ ರಕ್ತಪರೀಕ್ಷೆ ನೋಡಿ ವೈದ್ಯರೇ ಅಳತೆ ಹೇಳಬೇಕು. ಡಬ್ಬಿಯ ಹಿಂಬದಿ ಓದಿ: 400 ಮಿಲಿಗ್ರಾಂ ಮೆಗ್ನೀಷಿಯಂ ಆಕ್ಸೈಡ್ ಎಂದಿದ್ದರೆ ಮೆಗ್ನೀಷಿಯಂ ಸುಮಾರು 240 ಮಾತ್ರ. ಅದರಲ್ಲೂ ಮೈಗೆ ಹತ್ತುವುದು ಅಲ್ಪ. ಮಿಕ್ಕದ್ದು ಹೊಟ್ಟೆ ಕೆಡಿಸುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ನುಂಗಿದ ಮೇಲೆ ಮಂಪರು, ಕೈಕಾಲಿನ ನಿಶ್ಶಕ್ತಿ ಕಂಡರೆ ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.