ಹಮಾಲರ ಬೆನ್ನು, ಮಾರುಕಟ್ಟೆಯ ಚೀಲ

ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಕೇಳಿದರೆ ಉತ್ತರ ಸಾಮಾನ್ಯವಾಗಿ ಬರುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ರೈತನಿಗೆ, ದಲಾಲಿಗೆ, ಗಿರಣಿ ಮಾಲೀಕನಿಗೆ ಅದು ವ್ಯಾಪಾರದ ಅಳತೆ. ಅದನ್ನು ಹೊತ್ತು ಹಲಗೆ ಮೇಲೆ ಲಾರಿ ಹತ್ತುವವನಿಗೆ ಮಾತ್ರ ಅದು ಭಾರ. ಒಬ್ಬ ವಯಸ್ಕ ಗಂಡಸು ಹೊರುವ ತೂಕ 55 ಕೆ.ಜಿ. ಮೀರಿದ್ದರೆ ಆದಷ್ಟು ಬೇಗ ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಅದರ ಜೊತೆಗೇ ಬಂದ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ.

ಆ 55 ಕೂಡ ಹಳೆಯ ಲೆಕ್ಕವೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರ 23 ಕೆ.ಜಿ.ಯಿಂದ ಶುರುವಾಗುತ್ತದೆ, ಅದೂ ಎಲ್ಲ ಅನುಕೂಲ ಇದ್ದಾಗ. ಭಾರ ಮೈಯಿಂದ ದೂರವಿದ್ದರೆ, ನೆಲದಿಂದ ಎತ್ತಬೇಕಾದರೆ, ಸೊಂಟ ತಿರುಗಿಸಬೇಕಾದರೆ, ಹಿಡಿಯಲು ಕಿವಿ ಇಲ್ಲದಿದ್ದರೆ, ನಿಮಿಷಕ್ಕೆ ಹಲವು ಸಲ ಎತ್ತಬೇಕಾದರೆ ಈ ಮಿತಿ ಇಳಿಯುತ್ತಾ ಹೋಗುತ್ತದೆ. ಕಾರಣ ಸರಳ. ಬೆನ್ನನ್ನು ನೇರ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿವೆ. ಅರ್ಧ ಮೀಟರ್ ಮುಂದಿರುವ 20 ಕೆ.ಜಿ.ಯನ್ನು ತೂಗಿಸಲು ಅವು ಹತ್ತು ಪಟ್ಟು ಬಲ ಹಾಕಬೇಕು. ಸೊಂಟದ ಕೊನೆಯ ಡಿಸ್ಕ್ ಈ ಒತ್ತಡವನ್ನೆಲ್ಲ ತಿನ್ನುತ್ತದೆ.

ಇಷ್ಟಾದರೂ ನಮ್ಮಲ್ಲಿ ಪರಿಹಾರವೆಂದರೆ ತರಬೇತಿ ಶಿಬಿರ: ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ, ಒಂದು ಗ್ರೂಪ್ ಫೋಟೊ. ಎತ್ತುವ ವಿಧಾನ ಕಲಿಸಿದರೆ ಬೆನ್ನುನೋವು ತಪ್ಪುತ್ತದೆ ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ ಎಂದು 2011ರ ಕೊಕ್ರೇನ್ ಅವಲೋಕನ ಹೇಳಿದೆ. 75 ಕೆ.ಜಿ.ಯನ್ನು ಯಾವ ಭಂಗಿಯಲ್ಲಿ ಎತ್ತಿದರೂ 75 ಕೆ.ಜಿ.ಯೇ. ಬ್ರಿಟನ್ನಿನ 1992ರ ನಿಯಮಗಳ ಕ್ರಮ ಬೇರೆ. ಕೈಯಿಂದ ಎತ್ತಿಸುವುದನ್ನೇ ತಪ್ಪಿಸಲು ಸಾಧ್ಯವೇ ಎಂದು ಮಾಲೀಕ ಮೊದಲು ನೋಡಬೇಕು. ಆಗದಿದ್ದರೆ ಅಪಾಯವನ್ನು ಅಳೆಯಬೇಕು, ಆಮೇಲೆ ತಗ್ಗಿಸಬೇಕು.

ಇಲ್ಲಿ ಮಾಲೀಕ ಯಾರು? ಗಾಯವಾಗುವಷ್ಟು ಭಾರ ಎತ್ತಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತಿತ್ತು, ಆದರೆ ಅದು ಕಾರ್ಖಾನೆಗೆ. ಎಪಿಎಂಸಿ ಹಮಾಲಿಯ ಲೈಸೆನ್ಸ್ ಸಮಿತಿಯದು, ಕೆಲಸ ವರ್ತಕನದು, ಕೂಲಿ ಚೀಲಕ್ಕಿಷ್ಟು. ಸೊಂಟ ಹೋದಾಗ ಎಲ್ಲರೂ ಪಕ್ಕದವನತ್ತ ಕೈ ತೋರಿಸುತ್ತಾರೆ. ರಾಜ್ಯದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯಲ್ಲಿ ಹಮಾಲರಿದ್ದಾರೆ, ನಿಜ. ಆದರೆ ಅದರ ಪರಿಹಾರ ಅಪಘಾತಕ್ಕೆ. ಇಪ್ಪತ್ತು ವರ್ಷ ಹೊತ್ತು ಸವೆದ ಬೆನ್ನನ್ನು ಅಪಘಾತ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲೂ ಸಿಲಿಕೋಸಿಸ್ ಇತ್ತು, ಸೀಸದ ವಿಷ ಇತ್ತು, ಬೆನ್ನು ಇರಲಿಲ್ಲ.

ಚೀಲದ ತೂಕ ಬದಲಿಸಲಾಗದು, ಅದು ಸಂಪ್ರದಾಯ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಬಳಕೆ ತಗ್ಗಲಿ ಎಂದು ಕೇಂದ್ರ ಸರ್ಕಾರ 2018ರಲ್ಲಿ ಯೂರಿಯಾ ಚೀಲವನ್ನು 50ರಿಂದ 45 ಕೆ.ಜಿ.ಗೆ ಇಳಿಸಿತು. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತು, ನೋಡನೋಡುತ್ತಲೇ ಅಂಗಡಿಗಳಲ್ಲಿ 26 ಕೆ.ಜಿ. ಮೂಟೆ ಬಂದು ಕೂತಿತು. ತೆರಿಗೆ ಉಳಿಸಲು ಹಿಗ್ಗುವ ಚೀಲ ಹಮಾಲಿಗಾಗಿ ಕುಗ್ಗಲಾರದೇ? ಪಡಿತರ ಧಾನ್ಯ, ಸಕ್ಕರೆಯ ಕ್ವಿಂಟಲ್ ಮೂಟೆಗಳು 50 ಕೆ.ಜಿ.ಗೆ ಇಳಿದಾಗ ವ್ಯಾಪಾರವೇನೂ ನಿಲ್ಲಲಿಲ್ಲ.

ಒಂದು ತೊಡಕನ್ನು ಮುಚ್ಚಿಡಬಾರದು. ಚೀಲ ಚಿಕ್ಕದಾದಾಗ ಚೀಲದ ಕೂಲಿಯನ್ನೂ ಅದೇ ಲೆಕ್ಕದಲ್ಲಿ ಕತ್ತರಿಸಿದರೆ, ಅಷ್ಟೇ ದುಡ್ಡಿಗೆ ಹಮಾಲಿ ಹಲಗೆ ಹತ್ತಿಳಿಯುವ ಸರದಿ ಹೆಚ್ಚುತ್ತದೆ, ಸೊಂಟದ ಬದಲು ಮಂಡಿ ಸವೆಯುತ್ತದೆ. ಹಗುರ ಚೀಲವನ್ನು ಹಮಾಲರೇ ವಿರೋಧಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಹಾಗಾಗಿ ಕ್ವಿಂಟಲಿಗೆ ಈಗ ಸಿಗುವುದಕ್ಕಿಂತ ಹೆಚ್ಚಿನ ಕೂಲಿಯನ್ನು ಮೊದಲು ಗೊತ್ತು ಮಾಡಿ, ಆಮೇಲೆ ತೂಕ ಇಳಿಸಬೇಕು. ಲಾರಿಯ ಎತ್ತರಕ್ಕೆ ಕಟ್ಟೆ, ಕೈಗಾಡಿ ಓಡುವಂಥ ನೆಲ, ಮೇಲಿನ ಸಾಲಿಗೆ ಕನ್ವೇಯರ್ ಬೆಲ್ಟ್ ಇವೆಲ್ಲ ಎಪಿಎಂಸಿ ಶುಲ್ಕದ ಹಣದಲ್ಲೇ ಆಗಬೇಕಾದ ಕೆಲಸ.

2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಅದರಡಿ ನಿಯಮ ರೂಪಿಸುವಾಗ ರಾಜ್ಯ ಸರ್ಕಾರ ಎಪಿಎಂಸಿ ಪ್ರಾಂಗಣಗಳನ್ನು ಹೊರಗಿಡಬಾರದು. 50 ಕೆ.ಜಿ. ಮೀರಿದ ಚೀಲಕ್ಕೆ ಪ್ರಾಂಗಣದ ಗೇಟಿನಲ್ಲೇ ತಡೆ ಹಾಕಲಿ.